ನೆಲಜಲಗಳ ಲೆಕ್ಕವೂ ಗ್ರಾಮಪಂಚಾಯಿತಿಯೂ: ಉರಿಗಾಂ ಸೀಮೆಯ ಅನುಭವ

ನಮ್ಮ ಗ್ರಾಮಗಳಲ್ಲಿ ಕಂದಾಯದ ಲೆಕ್ಕವನ್ನು ಬಹುಕಾಲದಿಂದಲೂ ಕ್ರಮವಾಗಿ ಬರೆದಿಡುತ್ತ ಬಂದಿರುವುದು ಸರ್ವವಿದಿತವಾದ ಸಂಗತಿ. ಯಾವ ಸರ್ವೆ ನಂಬರು ಯಾರ ಅನುಭವದಲ್ಲಿದೆ, ಅದಕ್ಕೆ ಆಕಾರವೆಷ್ಟು, ತರಿಯೋ ಖುಷ್ಕಿಯೋ ಬಾಗಾಯತೋ ಎಂಬುದನ್ನು ಶಾನುಭೋಗರ ಪುಸ್ತಕಗಳಲ್ಲಿ ನೋಡಿ ತಿಳಿಯಬಹುದಾಗಿತ್ತು. ೧೯೬೧ನೆಯ ಇಸವಿಯ ಕಾನೂನಿನಿಂದ ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳು ರದ್ದಾದುವು. ಆದರೆ ಲೆಕ್ಕವು ನಿಲ್ಲಲಿಲ್ಲ. ಹೀಗಿದ್ದರೂ, ಅದೇ ಸರ್ವೆ ನಂಬರಿನಲ್ಲಿ ಮಣ್ಣು ಎಷ್ಟು ಕೊಚ್ಚಿಹೋಯಿತು, ಬಾವಿಯ ನೀರು ಎಷ್ಟು ಆಳಕ್ಕೆ ಇಳಿಯಿತು, ಕೆರೆಯಲ್ಲಿ ಹೂಳು ಎಷ್ಟು ತುಂಬಿತು ಎಂಬ ಲೆಕ್ಕವನ್ನು ಬರೆದಿಟ್ಟಿರುವ ಗ್ರಾಮವು ವಿರಳ. ಹಣದ ಲೆಕ್ಕವನ್ನು ಬರೆಯದ ಮನೆಯು ಸಾಲಕ್ಕೆ ಬೀಳುವುದು ಹೇಗೆ ಸ್ವಾಭಾವಿಕವೋ, ನೆಲಜಲಗಳ ಲೆಕ್ಕವನ್ನು ಬರೆಯದ ಗ್ರಾಮವು ಬರಗಾಲಕ್ಕೆ ಸಿಕ್ಕುವುದೂ ಹಾಗೆಯೇ ಸ್ವಾಭಾವಿಕವು.

ಈ ಲೆಕ್ಕವನ್ನು ಇಡುವುದು, ಅದರ ಮೇಲೆ ಗುರಿಯನ್ನು ಗೊತ್ತುಮಾಡುವುದು, ಗುರಿಗೆ ಹೊಣೆಗಾರರನ್ನು ನೇಮಿಸುವುದು, ವರ್ಷಕ್ಕೊಮ್ಮೆ ಪರೀಕ್ಷಿಸಿ ತಿದ್ದಿಕೊಳ್ಳುವುದು, ಈ ನಾಲ್ಕೂ ಸೇರಿದ ಏರ್ಪಾಡಿಗೆ ಪರಿಸರ ನಿರ್ವಹಣಾ ಕ್ರಮವೆಂದು ಹೆಸರು. ಹೊರದೇಶಗಳ ಪುರಸಭೆಗಳಲ್ಲಿ ಇದು ಮೂವತ್ತು ವರ್ಷಗಳಿಂದ ಆಚರಣೆಯಲ್ಲಿದೆ. ನಮ್ಮಲ್ಲಿಯೂ ಹೊರದೇಶಗಳ ಸಹಾಯದಿಂದ ನೆಲಜಲಗಳ ರಕ್ಷಣೆಗಾಗಿ ಅನೇಕ ಕೆಲಸಗಳು ನಡೆದಿವೆ. ಅವುಗಳಲ್ಲಿ ಯಾವುವು ಉಳಿದುವು, ಯಾವುವು ಅಳಿದುವು, ಅದಕ್ಕೆ ಕಾರಣವೇನು ಎಂಬುದನ್ನು ಉರಿಗಾಂ, ಬಂಗಾರಪೇಟೆಗಳ ಸುತ್ತಲಿನ ಸೀಮೆಯ ದೃಷ್ಟಾಂತದಿಂದ ಗ್ರಾಮಪ್ರಮುಖರಿಗೂ ಭೂಮಾಲೀಕರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ಉರಿಗಾಂ ಸೀಮೆಯ ಸ್ಥಿತಿ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ೧೮೭೫ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನಿಗೆ ಮೈಸೂರು ಸರ್ಕಾರದಿಂದ ಗಣಿಯ ಹಕ್ಕು ದೊರೆಯಿತು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿಯವರು ಕೆಲಸಕ್ಕೆ ಕೈಹಾಕಿದರು. ಉರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಮೊದಲಾದ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದುವು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೦ ಮೈಲಿಗಳ ದೂರ ತಂತಿಯೆಳೆದು ವಿದ್ಯುಚ್ಛಕ್ತಿಯನ್ನು ತಂದರು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೂ, ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೂ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೂ ಸೇರಿದುವು. ೨೦೦೧ನೆಯ ಫೆಬ್ರವರಿ ೨೮ರಂದು ಕೆಲಸವು ನಿಂತಿತು. ಅಷ್ಟರೊಳಗೆ ಭೂಮಿಯೊಳಕ್ಕೆ ೩ ಕಿಲೋಮೀಟರಿಗೂ ಅಧಿಕ ಆಳದವರೆಗೆ ತೋಡಿ, ಸುಮಾರು ೮೦೦ ಟನ್ನುಗಳಷ್ಟು ಚಿನ್ನವನ್ನು ತೆಗೆದಿದ್ದರು.

ಚಿನ್ನವು ಹೊರಗೆ ಹೋಯಿತು. ಬೀಸಿದ ಕಲ್ಲಿನ ಹಿಟ್ಟು ಇಲ್ಲಿಯೇ ಉಳಿಯಿತು. ಗ್ಲಾಸ್ಗೋ ಪಟ್ಟಣದಲ್ಲಿ ೧೮೮೭ರಲ್ಲಿ ಕಂಡುಹಿಡಿದ ಸೈನೈಡ್ ವಿಧಾನವು ೧೮೯೦ರ ದಶಕದಲ್ಲಿ ಈ ಗಣಿಗಳಿಗೆ ಬಂದಿತು. ಕಲ್ಲನ್ನು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನವು ಕರಗಿ ದ್ರಾವಣಕ್ಕೆ ಸೇರುವುದು. ಉಳಿದ ಬೂದುಬಣ್ಣದ ಕೆಸರನ್ನು ಬಯಲಿನಲ್ಲಿ ಸುರಿಯುವುದು ಪದ್ಧತಿಯಾಗಿತ್ತು. ನೂರು ವರ್ಷಗಳಲ್ಲಿ ಹೀಗೆ ಬೆಳೆದ ೧೩ ದಿಬ್ಬಗಳು ಇವೆ. ಅವು ಸುಮಾರು ೧,೦೦೦ ಎಕರೆಗಳ ವಿಸ್ತೀರ್ಣವನ್ನು ಆಕ್ರಮಿಸಿಕೊಂಡಿವೆ. ಅವುಗಳ ತೂಕ ೩ ಕೋಟಿ ೩೦ ಲಕ್ಷ ಟನ್ನುಗಳ ಸುಮಾರು. ಇವನ್ನೇ ಜನರು ಸೈನೈಡ್ ಗುಡ್ಡಗಳೆಂದು ಕರೆಯುವರು.

ಈ ದಿಬ್ಬಗಳಿಂದ ವ್ಯವಸಾಯಕ್ಕೆ ಆಗುವ ಬಾಧೆಯು ಮೂರು ಬಗೆಯದು. ಮೊದಲನೆಯದು ಧೂಳು. ಹಿಟ್ಟಿನಷ್ಟು ನುಣುಪಾದ ಈ ವಸ್ತುವಿನಲ್ಲಿ ಹ್ಯೂಮಸ್ಸಾಗಲಿ ಗೊಬ್ಬರದ ಸತ್ತ್ವವಾಗಲಿ ಇಲ್ಲದುದರಿಂದ ಹುಲ್ಲು ಸುಲಭವಾಗಿ ಬೇರೂರದು. ಬೇಸಗೆಯ ಗಾಳಿಗೆ ಅದು ಮೋಡದಂತೆ ಎದ್ದು ಮನೆಗಳ ಮೇಲೆಯೂ ಬೆಳೆಗಳ ಎಲೆಗಳ ಮೇಲೆಯೂ ಕೂರುವುದು. ಎರಡನೆಯದು ಕೊಚ್ಚಣೆ. ಬಿರುಮಳೆಯಲ್ಲಿ ದಿಬ್ಬದ ಪಾರ್ಶ್ವಗಳು ಕೊರೆದು, ಕೆಸರು ಹಳ್ಳಗಳ ಮೂಲಕ ತಗ್ಗಿನ ಹೊಲಗಳಿಗೂ ಕೆರೆಗಳಿಗೂ ಹರಿಯುವುದು. ಮೂರನೆಯದು ಕಣ್ಣಿಗೆ ಕಾಣದ್ದು. ಸೈನೈಡು ಬಿಸಿಲು ಗಾಳಿಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ವಿಭಜನೆ ಹೊಂದುವುದು. ಆದರೆ ಕಲ್ಲಿನಲ್ಲಿದ್ದ ಗಂಧಕಯುಕ್ತ ಖನಿಜಗಳು ಗಾಳಿ ನೀರುಗಳ ಸಂಪರ್ಕದಿಂದ ಆಮ್ಲವನ್ನು ಉಂಟುಮಾಡುವುವು. ಆಮ್ಲವು ಲೋಹಗಳನ್ನು ಕರಗಿಸಿ, ಲವಣಗಳೊಡನೆ ಅವನ್ನು ಕೆಳಗಿನ ಮಣ್ಣಿಗೂ ಬಾವಿಗೂ ಒಯ್ಯಬಲ್ಲದು. ಆದಕಾರಣ ಗಣಿಯು ಮುಚ್ಚಿತೆಂದು ಗಣಿಯ ಪರಿಣಾಮವೂ ಮುಚ್ಚಿತೆಂದು ತಿಳಿಯಲಾಗದು.

ನೀರಿನ ವಿಷಯ

ಈ ಸೀಮೆಯಲ್ಲಿ ಜೀವನದಿಯಿಲ್ಲ. ಪಾಲಾರ್ ನದಿಯು ಬೇತಮಂಗಲದ ಮಾರ್ಗವಾಗಿ ಹರಿದು ಆಂಧ್ರವನ್ನು ದಾಟಿ ತಮಿಳುನಾಡನ್ನು ಸೇರುವುದು. ವರ್ಷದ ಬಹುಭಾಗದಲ್ಲಿ ಅದು ಮರಳಿನ ಹಾಸಿಗೆ. ಆದುದರಿಂದ ನಮ್ಮ ಪೂರ್ವಿಕರು ಕೆರೆಯ ಕೆಳಗೆ ಕೆರೆಯನ್ನು ಸರಪಣಿಯಂತೆ ಕಟ್ಟಿ, ಮೇಲಿನದರ ಕೋಡಿಯ ನೀರು ಕೆಳಗಿನದಕ್ಕೆ ಬೀಳುವಂತೆ ಏರ್ಪಡಿಸಿದರು. ಬೇತಮಂಗಲದ ಕೆರೆಯು ಒಡೆದುಹೋಗಿ ಮತ್ತೆ ಕಟ್ಟಲ್ಪಟ್ಟುದನ್ನು ನೊಳಂಬರ ಕಾಲದ ಶಾಸನವು ತಿಳಿಸುವುದು. ಇಪ್ಪತ್ತನೆಯ ಶತಮಾನದಲ್ಲಿ ಚಿನ್ನದ ಗಣಿಗಳ ಜನರು ಕುಡಿದುದೂ ಅದೇ ಕೆರೆಯ ನೀರು.

೧೮೯೨ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಕರಾರಿನಲ್ಲಿ ಪಾಲಾರ್ ನದಿಯೂ ಸೇರಿತ್ತು. ಮೈಸೂರಿನವರು ಗೊತ್ತಾದ ನದಿಗಳಿಗೆ ಅಡ್ಡಲಾಗಿ ಹೊಸ ಜಲಾಶಯಗಳನ್ನು ಮದರಾಸಿನ ಸಮ್ಮತಿಯಿಲ್ಲದೆ ಕಟ್ಟಕೂಡದೆಂಬುದು ಅದರ ಮುಖ್ಯ ಷರತ್ತು. ಹೊಸದನ್ನು ಕಟ್ಟುವುದಕ್ಕೆ ಹೀಗೆ ಅಡ್ಡಿಯಿದ್ದ ಸೀಮೆಯಲ್ಲಿ ಇದ್ದ ಕೆರೆಗಳನ್ನು ಕಾಪಾಡಿಕೊಳ್ಳುವುದೊಂದೇ ದಾರಿಯಾಗಿತ್ತು. ೧೯೧೧ರಲ್ಲಿ ಮೈಸೂರು ಸರ್ಕಾರವು ಕೆರೆ ಪಂಚಾಯಿತಿ ರೆಗ್ಯುಲೇಷನ್ನನ್ನು ಜಾರಿಗೆ ತಂದು, ಕೆರೆಯ ಮರಾಮತ್ತಿನಲ್ಲಿ ಅಚ್ಚುಕಟ್ಟುದಾರರ ಹೊಣೆಯನ್ನು ಗೊತ್ತುಮಾಡಲು ಪ್ರಯತ್ನಿಸಿತು. ಮುಂದೆ ಬಾವಿಗಳೂ ಅನಂತರ ಕೊಳವೆಬಾವಿಗಳೂ ಹೆಚ್ಚಿದಂತೆ ಕೆರೆಯ ಮೇಲಿನ ಲಕ್ಷ್ಯವು ತಪ್ಪಿತು. ನೀರುಗಂಟಿಯ ಮಾತಿಗೆ ಬೆಲೆಯಿಲ್ಲವಾಯಿತು. ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗಳಿಗೂ ಮೀರಿ ಕೊರೆದ ಕೊಳವೆಬಾವಿಗಳು ಸಾಮಾನ್ಯವಾಗಿವೆ. ಆಳದ ನೀರಿನಲ್ಲಿ ಫ್ಲೋರೈಡಿನ ಅಂಶವು ಅನೇಕ ಕಡೆಗಳಲ್ಲಿ ಮಿತಿಮೀರಿದೆ.

ಹೊರದೇಶಗಳಿಂದ ಬಂದ ಸಹಾಯ

ಹೊರಗಿನ ವಿದ್ಯೆಯನ್ನು ಸ್ವೀಕರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ೧೯೧೩ರಲ್ಲಿ ಮೈಸೂರು ವ್ಯವಸಾಯದ ಇಲಾಖೆಯು ಪ್ರತ್ಯೇಕವಾಗಿ ಏರ್ಪಟ್ಟಾಗ ಅದರ ಪ್ರಥಮ ಡೈರೆಕ್ಟರಾದ ಡಾಕ್ಟರ್ ಕೋಲ್ಮನ್ನರು ಕೆನಡಾ ದೇಶದವರು. ಅಡಕೆಯ ಕೊಳೆರೋಗಕ್ಕೆ ಅವರು ಪ್ರಚಾರಕ್ಕೆ ತಂದ ಬೋರ್ಡೋ ಮಿಶ್ರಣವು ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ್ದು. ಮಲೆನಾಡಿನ ತೋಟಗಾರರು ಮೈಲುತುತ್ತ, ಸುಣ್ಣಗಳ ಪ್ರಮಾಣವನ್ನು ತಾವೇ ಕಲಿತು, ತಾವೇ ಬೆರಸಿ, ತಮ್ಮ ಕೊನೆಗಾರರಿಂದಲೇ ಸಿಂಪಡಿಸಿದುದರಿಂದ ಆ ವಿದ್ಯೆಯು ಅವರದಾಗಿ ಇಂದಿಗೂ ಉಳಿದಿದೆ. ಸಹಾಯವು ನಿಲ್ಲುವುದಕ್ಕೆ ಬೇಕಾದುದು ಯಾವುದೆಂಬುದಕ್ಕೆ ಇದೊಂದು ಅಳತೆಗೋಲು. ಇನ್ನು ಕೋಲಾರದಲ್ಲಿ ನಡೆದ ಮೂರು ಕೆಲಸಗಳನ್ನು ಈ ಅಳತೆಗೋಲಿನಿಂದ ನೋಡಬಹುದು.

೧. ಸಾಮಾಜಿಕ ಅರಣ್ಯ. ವಿಶ್ವಬ್ಯಾಂಕು ಮತ್ತು ಬ್ರಿಟಿಷ್ ಸರ್ಕಾರದ ಸಹಾಯದಿಂದ ೧೯೮೩ರ ಬಳಿಕ ಕರ್ನಾಟಕದಲ್ಲಿ ಈ ಯೋಜನೆಯು ನಡೆಯಿತು. ಸೌದೆ ಮೇವುಗಳನ್ನು ಒದಗಿಸುವುದು ಅದರ ಉದ್ದೇಶ. ಆದರೆ ಕೋಲಾರದಲ್ಲಿ ಅದಕ್ಕೆ ಮುಂಚಿನಿಂದಲೇ ರಾಗಿಯ ಹೊಲಗಳನ್ನು ನೀಲಗಿರಿಯ ತೋಪುಗಳು ಆಕ್ರಮಿಸುತ್ತಿದ್ದುವು. ೧೯೮೧ರಲ್ಲಿಯೇ ವಂದನಾ ಶಿವ, ಶರತ್‌ಚಂದ್ರ, ಬಂದ್ಯೋಪಾಧ್ಯಾಯ ಇವರುಗಳು ಕೋಲಾರ ಜಿಲ್ಲೆಯನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಆಹಾರದ ಬೆಳೆಗೂ ಕೂಲಿಗೂ ಇದರಿಂದ ಆಗುವ ನಷ್ಟವನ್ನು ಎತ್ತಿ ತೋರಿಸಿದ್ದರು. ನೀಲಗಿರಿಯು ಎಷ್ಟು ನೀರು ಕುಡಿಯುವುದೆಂಬುದನ್ನು ಬ್ರಿಟನ್ನಿನ ಜಲವಿಜ್ಞಾನಿಗಳೂ ಕರ್ನಾಟಕದ ಅರಣ್ಯ ಇಲಾಖೆಯವರೂ ಕೂಡಿ ಅಳೆದು ನೋಡಿದುದು ಆ ದಶಕದ ಕೊನೆಯಲ್ಲಿ. ನೆರೆಯ ಹೊಸಕೋಟೆಯ ಬಳಿ, ಆಳವಾದ ಮಣ್ಣಿರುವ ರೈತರ ಜಮೀನಿನಲ್ಲಿ, ಮರಗಳು ಬಿದ್ದ ಮಳೆಗಿಂತ ಅಧಿಕವಾದ ನೀರನ್ನು ಮಣ್ಣಿನ ಆಳದಿಂದ ಹೀರಿಕೊಂಡುದು ಕಂಡುಬಂದಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ನೆಟ್ಟುದು ಮೊದಲು, ಅಳೆದುದು ಆಮೇಲೆ. ಯಾವುದಾದರೊಂದು ಗ್ರಾಮದಲ್ಲಿ ತೋಪಿನ ಪಕ್ಕದ ಬಾವಿಗಳ ಮಟ್ಟವನ್ನು ತಿಂಗಳಿಗೊಮ್ಮೆ ಬರೆದಿಟ್ಟಿದ್ದ ಪುಸ್ತಕವಿದ್ದರೆ ಅಷ್ಟು ವರ್ಷಗಳ ವಾದವಿವಾದಕ್ಕೆ ಎಡೆಯಿರುತ್ತಿರಲಿಲ್ಲ.

೨. ಸುಜಲ ಜಲಾನಯನ ಯೋಜನೆ. ಇದೂ ವಿಶ್ವಬ್ಯಾಂಕಿನ ಸಹಾಯದಿಂದ ೨೦೦೧ರಿಂದ ೨೦೦೯ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಈ ಐದು ಜಿಲ್ಲೆಗಳಲ್ಲಿ ನಡೆಯಿತು. ಇದರ ವಿಶೇಷವು ಎರಡು. ಸರ್ವೆ ನಂಬರಿಗೆ ಒಂದರಂತೆ, ಆಯಾ ರೈತನನ್ನೇ ಕೂರಿಸಿಕೊಂಡು, ಬದು, ಕೃಷಿಹೊಂಡ, ಮರಗಿಡಗಳ ನಕ್ಷೆಯನ್ನು ತಯಾರಿಸಿದುದು ಒಂದು. ಉಪಗ್ರಹದ ಚಿತ್ರಗಳಿಂದಲೂ ಸ್ಥಳಪರೀಕ್ಷೆಯಿಂದಲೂ ಕೆಲಸದ ಫಲವನ್ನು ಕಾಲಕಾಲಕ್ಕೆ ಅಳೆದುದು ಮತ್ತೊಂದು. ಹೀಗೆ ಅಳತೆಯು ಕೆಲಸದ ಜತೆಯಲ್ಲಿಯೇ ನಡೆಯಿತು. ಆದರೆ ಅಳೆದವರು ಹೊರಗಿನವರು. ಲೆಕ್ಕವು ಅವರ ಕಚೇರಿಗೆ ಹೋಯಿತು.

೩. ಕೆರೆಗಳ ಯೋಜನೆ. ೨೦೦೦ದಲ್ಲಿ ಸ್ಥಾಪಿತವಾದ ಜಲಸಂವರ್ಧನ ಯೋಜನಾ ಸಂಘದ ಮೂಲಕ, ೨೦೦೨ರಿಂದ ೨೦೧೨ರವರೆಗೆ ವಿಶ್ವಬ್ಯಾಂಕಿನ ಸಾಲದಿಂದ, ಕೋಲಾರವೂ ಸೇರಿದಂತೆ ಹಲವು ಜಿಲ್ಲೆಗಳ ಕೆರೆಗಳನ್ನು ದುರಸ್ತಿ ಮಾಡಲಾಯಿತು. ಪ್ರತಿ ಕೆರೆಗೂ ಬಳಕೆದಾರರ ಸಂಘವೊಂದು ಏರ್ಪಟ್ಟು, ಖರ್ಚಿನ ಒಂದು ಪಾಲನ್ನು ಸಂಘದವರೇ ವಹಿಸಿಕೊಂಡರು. ಕೆರೆಯ ಗೋಡನ್ನು ರೈತರು ತಮ್ಮ ಹೊಲಗಳಿಗೆ ಹೊಡೆದುಕೊಂಡುದರಿಂದ ಕೆರೆಗೂ ಹೊಲಕ್ಕೂ ಏಕಕಾಲದಲ್ಲಿ ಉಪಕಾರವಾಯಿತು. ಯೋಜನೆಯ ಕಾಲ ಮುಗಿದ ಬಳಿಕ, ಸಂಘವು ಸಭೆ ಸೇರುತ್ತ ವಂತಿಗೆಯೆತ್ತುತ್ತ ಬಂದ ಊರುಗಳಲ್ಲಿ ಕೆರೆಯು ಸುಸ್ಥಿತಿಯಲ್ಲಿ ಉಳಿಯಿತು. ಸಭೆ ನಿಂತ ಊರುಗಳಲ್ಲಿ ರಾಜಕಾಲುವೆಗಳು ಮತ್ತೆ ಒತ್ತುವರಿಯಾಗಿ ಕೆರೆಯು ಮೊದಲಿನ ಸ್ಥಿತಿಗೇ ಬಂದಿತು.

ಈ ಮೂರರಿಂದ ತಿಳಿಯತಕ್ಕದ್ದೇನೆಂದರೆ: ಹೊರಗಿನಿಂದ ಹಣವು ಬರಬಹುದು, ವಿದ್ಯೆಯು ಬರಬಹುದು, ಯಂತ್ರವು ಬರಬಹುದು, ಲೆಕ್ಕವನ್ನು ಮಾತ್ರ ಗ್ರಾಮವೇ ಇಟ್ಟುಕೊಳ್ಳಬೇಕು. ಲೆಕ್ಕವು ಗ್ರಾಮದಲ್ಲಿ ಇಲ್ಲದಿದ್ದರೆ ಸಹಾಯವು ಬಂದಾಗ ಅದರ ಗುಣದೋಷಗಳನ್ನು ತೂಗುವುದಕ್ಕೆ ತಕ್ಕಡಿಯಿಲ್ಲ. ಅದು ಹೋದಾಗ ಮುಂದುವರಿಸುವುದಕ್ಕೆ ದಾರಿಯಿಲ್ಲ.

ಇತರ ದೇಶಗಳ ಪುರಸಭೆಗಳಲ್ಲಿ

೧೯೯೨ರಲ್ಲಿ ಬ್ರೆಜಿಲ್ ದೇಶದ ರಿಯೋ ಪಟ್ಟಣದಲ್ಲಿ ಸೇರಿದ ರಾಷ್ಟ್ರಗಳ ಮಹಾಸಭೆಯು ಪರಿಸರದ ರಕ್ಷಣೆಯಲ್ಲಿ ಸ್ಥಳೀಯ ಸಂಸ್ಥೆಗಳ ಪಾತ್ರಕ್ಕೆ ತನ್ನ ಕಾರ್ಯಸೂಚಿಯಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿತು. ೧೯೯೬ರಲ್ಲಿ ಐ.ಎಸ್.ಓ. ೧೪೦೦೧ ಎಂಬ ಅಂತರರಾಷ್ಟ್ರೀಯ ಮಾನಕವು ಪ್ರಕಟವಾಯಿತು. ಇದು ಮೊದಲು ಕಾರ್ಖಾನೆಗಳಲ್ಲಿ ಹೆಚ್ಚಾಗಿ ಪ್ರಚಾರಕ್ಕೆ ಬಂದಿತು; ಬಳಿಕ ಜಪಾನಿನ, ಯುರೋಪಿನ ಅನೇಕ ಪುರಸಭೆಗಳು ಇದನ್ನು ಕೈಗೊಂಡುವು. ಇದರ ಸಾರವು ಬಹಳ ಸರಳವಾದುದು: ಯೋಚಿಸು, ಮಾಡು, ಪರೀಕ್ಷಿಸು, ತಿದ್ದಿಕೋ, ಮತ್ತೆ ಮೊದಲಿನಿಂದ ಆರಂಭಿಸು. ಒಕ್ಕಲುತನವನ್ನು ಬಲ್ಲವರಿಗೆ ಇದು ಹೊಸದಲ್ಲ; ವರ್ಷವರ್ಷವೂ ಬಿತ್ತನೆಗೆ ಮೊದಲು ಹಿಂದಿನ ಸುಗ್ಗಿಯನ್ನು ನೆನೆದು ಬೆಳೆ ಬದಲಾಯಿಸುವ ರೈತನು ಮಾಡುವುದೂ ಇದನ್ನೇ.

ಸ್ವೀಡನ್ ದೇಶದ ವೆಕ್ಷೋ ಎಂಬ ಪಟ್ಟಣದ ದೃಷ್ಟಾಂತವು ನಮ್ಮ ಕೆರೆಗಳ ಸೀಮೆಯವರಿಗೆ ವಿಶೇಷವಾಗಿ ಉಪಯುಕ್ತವು. ಅಲ್ಲಿ ಟ್ರುಮ್ಮೆನ್ ಎಂಬ ಸರೋವರವಿದೆ. ಪಟ್ಟಣದ ಕೊಳಚೆಯೂ ಅಗಸೆನಾರು ಕಾರ್ಖಾನೆಯ ಹೊಲಸೂ ಬಹುಕಾಲ ಅದಕ್ಕೆ ಹರಿದು ನೀರು ಕೆಟ್ಟಿತು. ೧೯೫೦ರ ದಶಕದ ಕೊನೆಯಲ್ಲಿ ಹೊಲಸನ್ನು ತಡೆದರೂ ಹತ್ತು ವರ್ಷಗಳವರೆಗೆ ಸರೋವರವು ಸುಧಾರಿಸಲಿಲ್ಲ. ತಳದ ಹೂಳಿನಲ್ಲಿ ಸೇರಿದ್ದ ಗೊಬ್ಬರದ ಅಂಶವೇ ಅದಕ್ಕೆ ಕಾರಣವೆಂದು ಲುಂಡ್ ವಿಶ್ವವಿದ್ಯಾನಿಲಯದವರು ಅಳೆದು ತೋರಿಸಿದರು. ೧೯೭೦, ೧೯೭೧ನೆಯ ಇಸವಿಗಳಲ್ಲಿ ಹೂಳನ್ನು ಹೀರಿ ತೆಗೆದು, ಒಣಗಿಸಿ, ತೋಟಗಳಿಗೆ ಗೊಬ್ಬರವಾಗಿ ಹಾಕಿದರು, ನೀರು ತಿಳಿಯಾಯಿತು. ನಮ್ಮವರು ತಲೆತಲಾಂತರದಿಂದ ಬಲ್ಲ ಕೆರೆಗೋಡಿನ ಉಪಯೋಗವೇ ಅದು. ಆದರೆ ಅವರು ಮೊದಲು ಅಳೆದು, ಆಮೇಲೆ ತೆಗೆದರು.

ಇದೇ ವೆಕ್ಷೋ ಪಟ್ಟಣವು ಹಣದ ಬಜೆಟ್ಟಿನ ಮಾದರಿಯಲ್ಲಿಯೇ ನೀರು, ಗಾಳಿ, ಮರಗಳ ಬಜೆಟ್ಟನ್ನು ವರ್ಷವರ್ಷವೂ ಪುರಸಭೆಯಲ್ಲಿ ಮಂಡಿಸುವ ಪದ್ಧತಿಯನ್ನು ಕೈಗೊಂಡಿತು. ೨೦೦೫ರ ಸುಮಾರಿಗೆ ಯುರೋಪಿನ ಒಕ್ಕೂಟದ ಧನಸಹಾಯದಿಂದ ಈ ಪದ್ಧತಿಯನ್ನು ಏಷ್ಯಾಖಂಡದ ಎರಡು ಊರುಗಳಲ್ಲಿ ಪ್ರಯೋಗಿಸಿದರು. ಒಂದು ಫಿಲಿಪ್ಪೀನ್ಸ್ ದ್ವೀಪಗಳ ತುಬಿಗೋನ್. ಮತ್ತೊಂದು ನಮ್ಮ ನೆರೆಯ ಆಂಧ್ರದ ಗುಂಟೂರು. ತುಬಿಗೋನ್ ಎಂಬುದು ರೈತರೂ ಬೆಸ್ತರೂ ವಾಸಮಾಡುವ ಸಣ್ಣ ಊರು. ಅಂತಹ ಊರಿನಲ್ಲಿಯೂ ಈ ಕ್ರಮವು ನಡೆಯಿತೆಂಬುದರಿಂದ, ಇದು ದೊಡ್ಡ ಪಟ್ಟಣಗಳಿಗೆ ಮಾತ್ರ ಸಾಧ್ಯವೆಂಬ ಶಂಕೆಗೆ ಎಡೆಯಿಲ್ಲ.

ನಮ್ಮ ಗ್ರಾಮಗಳಲ್ಲಿ ಅನುಸರಿಸಬಹುದಾದ ಕ್ರಮ

ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯೂ ಕರ್ನಾಟಕದ ೧೯೯೩ನೆಯ ಇಸವಿಯ ಪಂಚಾಯತ್ ಕಾನೂನೂ ಮಣ್ಣಿನ ಸಂರಕ್ಷಣೆ, ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ ಇವುಗಳನ್ನು ಪಂಚಾಯಿತಿಗಳ ಕರ್ತವ್ಯಗಳಲ್ಲಿ ಸೇರಿಸಿರುವುವು. ಆದುದರಿಂದ ಕೆಳಗಿನ ಏರ್ಪಾಡಿಗೆ ಹೊಸ ಕಾನೂನಿನ ಅಗತ್ಯವಿಲ್ಲ. ಗ್ರಾಮಸಭೆಯ ಒಂದು ನಿರ್ಣಯ ಸಾಕು.

ಮೊದಲನೆಯದಾಗಿ, ಇರುವ ಸ್ಥಿತಿಯನ್ನು ಬರೆಯಬೇಕು. ಇದಕ್ಕೆ ಐದು ಪುಸ್ತಕಗಳು ಸಾಕು.

(ಅ) ಮಳೆಯ ಪುಸ್ತಕ. ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ದಿನವೂ ಬೆಳಿಗ್ಗೆ ೮-೩೦ ಗಂಟೆಗೆ ನೋಡಿ ಬರೆಯುವುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು ೧ ಲಕ್ಷ ಲೀಟರು ನೀರು ದೊರೆತಂತಾಯಿತು. ಗ್ರಾಮದ ಆದಾಯವು ಇದು. ಉಳಿದ ಲೆಕ್ಕವೆಲ್ಲವೂ ಇದರ ಮೇಲೆ ನಿಲ್ಲುವುದು.

(ಆ) ಬಾವಿಯ ಪುಸ್ತಕ. ಗ್ರಾಮದ ನಾಲ್ಕು ದಿಕ್ಕುಗಳಲ್ಲಿ ನಾಲ್ಕು ಬಾವಿಗಳನ್ನೋ ಕೊಳವೆಬಾವಿಗಳನ್ನೋ ಗೊತ್ತುಮಾಡಿ, ತಿಂಗಳ ಮೊದಲನೆಯ ದಿನ ಪಂಪು ಓಡಿಸುವುದಕ್ಕೆ ಮುಂಚೆ ನೀರಿನ ಮಟ್ಟವನ್ನು ಅಳೆಯುವುದು. ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ನೀರನ್ನು ಪರೀಕ್ಷೆಗೆ ಕಳುಹಿಸುವುದು. ಫ್ಲೋರೈಡಿನ ಅಂಶವು ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಕೂಡದು.

(ಇ) ಕೆರೆಯ ಪುಸ್ತಕ. ಏರಿ, ತೂಬು, ಕೋಡಿ, ರಾಜಕಾಲುವೆಗಳ ಸ್ಥಿತಿ. ನೀರು ನಿಂತ ದಿನಗಳು. ತೆಗೆದ ಗೋಡಿನ ಗಾಡಿಗಳ ಸಂಖ್ಯೆ. ಕೆರೆಯ ಎಲ್ಲೆಗಲ್ಲುಗಳ ವಿವರ.

(ಈ) ಮಣ್ಣಿನ ಪುಸ್ತಕ. ಪ್ರತಿ ಹಿಡುವಳಿಯ ಮಣ್ಣಿನ ಪರೀಕ್ಷೆಯ ಫಲವನ್ನು ಸರ್ವೆ ನಂಬರಿನ ಎದುರಿಗೆ ಬರೆಯುವುದು. ದಿಬ್ಬಗಳ ಸಮೀಪದ ಜಮೀನುಗಳಲ್ಲಿ ಆಮ್ಲತೆ, ಲವಣಾಂಶ ಮತ್ತು ಲೋಹಗಳ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಕೋಲಾರದ ಬಳಿ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಈ ವಿಷಯದಲ್ಲಿ ವಿಚಾರಿಸಬಹುದು.

(ಉ) ಧೂಳು ಮತ್ತು ಹೊಲಸಿನ ಪುಸ್ತಕ. ಅಗಲ ಬಾಯಿಯ ಒಂದೇ ಅಳತೆಯ ಪಾತ್ರೆಗಳನ್ನು ಎತ್ತರವಾದ ಬಯಲು ಜಾಗಗಳಲ್ಲಿ ೩೦ ದಿನಗಳ ಕಾಲ ಇಟ್ಟು, ಬಿದ್ದ ಧೂಳನ್ನು ಒಣಗಿಸಿ ತೂಗಿದರೆ, ಯಾವ ತಿಂಗಳಿನಲ್ಲಿ ಯಾವ ಕಡೆಯಿಂದ ಎಷ್ಟು ಧೂಳು ಬಂದಿತೆಂಬುದು ತಿಳಿಯುವುದು. ಊರಿನ ಚರಂಡಿಯು ಎಲ್ಲಿಗೆ ಹರಿಯುವುದೆಂಬುದನ್ನೂ ಇದರಲ್ಲಿಯೇ ಬರೆಯತಕ್ಕದ್ದು.

ಎರಡನೆಯದಾಗಿ, ಗುರಿಯನ್ನು ಸಂಖ್ಯೆಯಲ್ಲಿ ಹೇಳಬೇಕು. ಕೆರೆಯನ್ನು ಸುಧಾರಿಸುವುದೆಂಬುದು ಗುರಿಯಲ್ಲ. ಬರುವ ಯುಗಾದಿಯೊಳಗೆ ಇಷ್ಟು ಗಜ ರಾಜಕಾಲುವೆಯನ್ನು ಬಿಡಿಸಿ ಹಸನುಮಾಡುವುದೆಂಬುದು ಗುರಿ. ಮೊದಲ ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ಗುರಿಗಳನ್ನು ಇಟ್ಟುಕೊಳ್ಳದಿರುವುದು ಲೇಸು.

ಮೂರನೆಯದಾಗಿ, ಪ್ರತಿ ಗುರಿಗೂ ಒಬ್ಬ ಹೊಣೆಗಾರನನ್ನು ಹೆಸರು ಹಿಡಿದು ನೇಮಿಸಬೇಕು. ಎಲ್ಲರ ಕೆಲಸವು ಯಾರ ಕೆಲಸವೂ ಅಲ್ಲ. ನೀರುಗಂಟಿಯ ಮನೆತನದವರು ಇನ್ನೂ ಇರುವ ಊರುಗಳಲ್ಲಿ ಕೆರೆಯ ಪುಸ್ತಕವನ್ನು ಅವರ ಕೈಗೆ ಒಪ್ಪಿಸುವುದು ಯುಕ್ತ. ಮಳೆಯ ಪುಸ್ತಕವನ್ನು ಶಾಲೆಯ ಮಕ್ಕಳು ಸಂತೋಷದಿಂದ ಬರೆಯುವರು.

ನಾಲ್ಕನೆಯದಾಗಿ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಐದು ಪುಸ್ತಕಗಳನ್ನೂ ಓದಬೇಕು. ಆಯವ್ಯಯದ ಪಟ್ಟಿಯನ್ನು ಓದುವ ದಿನದಲ್ಲಿಯೇ ಇದನ್ನೂ ಓದಿದರೆ ಹಣಕ್ಕೂ ನೆಲಜಲಗಳಿಗೂ ಇರುವ ಸಂಬಂಧವು ಸಭಿಕರಿಗೆ ಸ್ಪಷ್ಟವಾಗುವುದು. ನೆರೆಯ ಪಂಚಾಯಿತಿಯವರನ್ನು ಕರೆಯಿಸಿ ಪುಸ್ತಕಗಳನ್ನು ತಪಾಸಣೆ ಮಾಡಿಸುವುದು ಉತ್ತಮ. ಕೆರೆಗಳ ಸರಪಣಿಯಲ್ಲಿ ಮೇಲಿನ ಊರಿನ ದೋಷವು ಕೆಳಗಿನ ಊರಿನ ನಷ್ಟವಾದುದರಿಂದ ಅವರು ಉದಾಸೀನರಾಗಿರಲಾರರು.

ದಿಬ್ಬಗಳ ಸಮೀಪದ ಗ್ರಾಮಗಳು ಇನ್ನೂ ಕೆಲವು ಎಚ್ಚರಿಕೆಗಳನ್ನು ಪಾಲಿಸತಕ್ಕದ್ದು. ದಿಬ್ಬದ ಕೆಸರು ಸೇರಿದ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಕೂಡದು. ದಿಬ್ಬದ ಮೇಲೆ ಬೆಳೆದ ಹುಲ್ಲಿಗೆ ದನಕುರಿಗಳನ್ನು ಬಿಡಕೂಡದು. ದಿಬ್ಬಕ್ಕೂ ಹೊಲಕ್ಕೂ ನಡುವೆ ಅಡ್ಡಗಾಲುವೆಯನ್ನು ತೋಡಿ, ಕೆಸರು ತಂಗುವ ಗುಂಡಿಯನ್ನು ಮಾಡಿ, ಗಾಳಿಗೆ ಇದಿರಾಗಿ ಹೊಂಗೆ, ಬೇವು ಮೊದಲಾದ ಮರಗಳ ಸಾಲನ್ನು ಬೆಳಸಿದರೆ ಹೊಲಕ್ಕೆ ಬರುವ ಧೂಳೂ ಕೆಸರೂ ಬಹುಮಟ್ಟಿಗೆ ತಗ್ಗುವುವು.

ಸಹಾಯ ನೀಡುವವರೊಡನೆ ಮಾಡಿಕೊಳ್ಳಬೇಕಾದ ಷರತ್ತುಗಳು

ಹೊರದೇಶದ ಸಂಸ್ಥೆಯಾಗಲಿ, ಬ್ಯಾಂಕಾಗಲಿ, ವಿಶ್ವವಿದ್ಯಾನಿಲಯವಾಗಲಿ ಸಹಾಯ ನೀಡಲು ಬಂದಾಗ ಗ್ರಾಮಪ್ರಮುಖರು ಸಂಕೋಚಪಡದೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಅಳತೆಯ ಫಲವನ್ನು ಕನ್ನಡದಲ್ಲಿ ಬರೆದು ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಡುವರೇ? ಅಳೆಯುವ ಕೆಲಸವನ್ನು ಊರಿನ ಇಬ್ಬರು ಮೂವರು ಯುವಕ ಯುವತಿಯರಿಗೆ ಕಲಿಸುವರೇ? ಯೋಜನೆ ಮುಗಿದ ಮೇಲೆ ದುರಸ್ತಿಯ ಖರ್ಚಿಗೆ ಯಾವ ನಿಧಿಯಿದೆ? ಭೂಮಿಯಿಲ್ಲದವರಿಗೂ ಕುರಿಗಾಹಿಗಳಿಗೂ ಇದರಿಂದ ಏನು ಬಾಧೆ, ಏನು ಲಾಭ? ಈ ನಾಲ್ಕಕ್ಕೂ ಲಿಖಿತವಾದ ಉತ್ತರವನ್ನು ಪಡೆದು ಕಡತದಲ್ಲಿ ಇಡುವುದು ಅವಶ್ಯ. ಗ್ರಾಮದವರೂ ತಮ್ಮ ಪಾಲಿನ ಕರ್ತವ್ಯವನ್ನು ಬರೆದುಕೊಡಬೇಕು. ಕೇಳುವವನು ಕೊಡುವುದಕ್ಕೂ ಸಿದ್ಧನಾಗಿದ್ದರೆ ಮಾತಿಗೆ ತೂಕವಿರುವುದು.

ಇಂತಹ ಲೆಕ್ಕದ ಅಗತ್ಯವು ಹೊರದೇಶದವರೊಡನೆ ಮಾತ್ರವಲ್ಲ, ನಮ್ಮ ಪಟ್ಟಣಗಳೊಡನೆಯೂ ಉಂಟು. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ಕೊಳಚೆನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆಲಸವು ೨೦೧೮ರಲ್ಲಿ ಆರಂಭವಾಯಿತು. ದಿನಕ್ಕೆ ೪೪ ಕೋಟಿ ಲೀಟರು ನೀರನ್ನು ಕೊಡುವಂತೆ ಯೋಜನೆಯನ್ನು ಹಾಕಿದ್ದರು. ಮೊದಲು ತುಂಬಿದ ಲಕ್ಷ್ಮೀಸಾಗರದ ಕೆರೆಯಲ್ಲಿ ಅದೇ ವರ್ಷ ನೊರೆ ಕಾಣಿಸಿಕೊಂಡುದರಿಂದ ವ್ಯಾಜ್ಯವು ನ್ಯಾಯಾಲಯಕ್ಕೆ ಹೋಗಿ, ನೀರು ಕೆಲಕಾಲ ನಿಂತು, ಬಳಿಕ ಮುಂದುವರಿಯಿತು. ಈ ನೀರಿನಿಂದ ಬತ್ತಿದ ಬಾವಿಗಳಿಗೆ ಜೀವ ಬಂದಿತೆಂದು ಹೇಳುವವರೂ ಇದ್ದಾರೆ. ಅಂತರ್ಜಲವು ಕೆಡುವುದೆಂದು ಅಂಜುವವರೂ ಇದ್ದಾರೆ. ನೀರು ಬರುವುದಕ್ಕೆ ಮುಂಚಿನ ಬಾವಿಯ ಪುಸ್ತಕವೂ ಬಂದ ಮೇಲಿನ ಪುಸ್ತಕವೂ ಇರುವ ಗ್ರಾಮದವರು ಮಾತ್ರ ಈ ವಿಷಯದಲ್ಲಿ ಸಂಶಯವಿಲ್ಲದೆ ಮಾತನಾಡಬಲ್ಲರು.

ಎರಡು ಆಕ್ಷೇಪಗಳು

ಇದಕ್ಕೆಲ್ಲ ಹಣವೆಲ್ಲಿಯದೆಂದು ಕೆಲವರು ಕೇಳಬಹುದು. ಮಳೆಮಾಪಕ, ಅಳತೆಯ ಹಗ್ಗ, ಐದು ಪುಸ್ತಕಗಳು, ವರ್ಷಕ್ಕೆರಡು ಸಲದ ಪರೀಕ್ಷೆಯ ಶುಲ್ಕ, ಇವೆಲ್ಲವೂ ಸೇರಿ ಒಂದು ಒಣ ಕೊಳವೆಬಾವಿಯನ್ನು ಕೊರೆಯಿಸುವ ಖರ್ಚಿನ ಅಲ್ಪಾಂಶವೂ ಆಗದು. ಇಂತಹ ಲೆಕ್ಕವು ಭೂಮಾಲೀಕರಿಗೆ ತೊಡಕನ್ನು ತರುವುದೆಂಬುದು ಮತ್ತೊಂದು ಆಕ್ಷೇಪ. ರಾಜಕಾಲುವೆಯನ್ನು ಒತ್ತಿಕೊಂಡಿರುವವನಿಗೆ ಅದು ನಿಜವಾಗಬಹುದು. ಆದರೆ ಜಮೀನಿನ ಬೆಲೆಯು ಅದರ ನೀರಿನಿಂದಲ್ಲದೆ ಎಕರೆಯ ಸಂಖ್ಯೆಯಿಂದ ಮಾತ್ರವೇ ನಿರ್ಣಯವಾಗುವುದಿಲ್ಲ. ಬಾವಿ ಬತ್ತಿದ ೨೦ ಎಕರೆಗಿಂತ ಕೆರೆ ತುಂಬಿದ ಊರಿನ ೫ ಎಕರೆಯೇ ಮೇಲು.

ಈಗಲೇ ಆರಂಭಿಸಬೇಕಾದ ಕಾರಣ

ಉರಿಗಾಂ ಸೀಮೆಯ ಗ್ರಾಮಗಳು ಈ ಕೆಲಸವನ್ನು ವಿಳಂಬ ಮಾಡಕೂಡದೆಂಬುದಕ್ಕೆ ಪ್ರಬಲವಾದ ಕಾರಣವೊಂದಿದೆ. ಹಳೆಯ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯಬೇಕೆಂಬ ಕೇಂದ್ರ ಸರ್ಕಾರದ ಪ್ರಸ್ತಾಪಕ್ಕೆ ಕರ್ನಾಟಕದ ಸಚಿವ ಸಂಪುಟವು ೨೦೨೪ನೆಯ ಜೂನ್ ತಿಂಗಳಿನಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬಗಳನ್ನು ಅಗೆದು ಮತ್ತೆ ತೊಳೆಯುವ ಕೆಲಸದಿಂದ ಉದ್ಯೋಗವು ದೊರೆಯಬಹುದು. ಸರಿಯಾದ ಕ್ರಮದಲ್ಲಿ ನಡೆದರೆ ಹಳೆಯ ಕೆಸರನ್ನು ಭದ್ರವಾಗಿ ಕೂಡಿಡುವ ಅವಕಾಶವೂ ಒದಗಬಹುದು. ಆದರೆ ನೂರು ವರ್ಷಗಳಿಂದ ಕುಳಿತಿದ್ದ ಧೂಳನ್ನು ಕದಲಿಸಿದಾಗ ಗಾಳಿಗೂ, ತೊಳೆಯುವ ನೀರಿನಿಂದ ಹಳ್ಳಗಳಿಗೂ ಏನಾಗುವುದೆಂಬುದನ್ನು ಮುಂದೆ ನಿರ್ಣಯಿಸಬೇಕಾದರೆ, ಕದಲಿಸುವುದಕ್ಕೆ ಮುಂಚೆ ಏನಿತ್ತೆಂಬುದು ಗೊತ್ತಿರಬೇಕು.

೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದಾಗ ಸುತ್ತಲಿನ ಊರುಗಳ ಬಾವಿ, ಕೆರೆ, ಮಣ್ಣುಗಳ ಲೆಕ್ಕವನ್ನು ಗ್ರಾಮಗಳವರು ಬರೆದಿಟ್ಟಿರಲಿಲ್ಲ. ಬರೆಯುವ ವಿದ್ಯೆಯೂ ಅಳೆಯುವ ಸಾಧನವೂ ಆಗ ಅವರ ಬಳಿ ಇರಲಿಲ್ಲವಾದ್ದರಿಂದ ಅದು ಅವರ ತಪ್ಪಲ್ಲ. ಈಗ ಎರಡೂ ಇವೆ. ಮಣ್ಣು ಕೆಟ್ಟಿತೆಂದು ಬಾಯಿಮಾತಿನಲ್ಲಿ ದೂರುವ ಗ್ರಾಮಕ್ಕೂ, ಇಂತಹ ತಿಂಗಳಿನಿಂದ ಇಂತಹ ಸರ್ವೆ ನಂಬರಿನ ಬಾವಿಯಲ್ಲಿ ಲವಣಾಂಶವು ಇಷ್ಟು ಏರಿತೆಂದು ಪುಸ್ತಕವನ್ನು ಮುಂದಿಡುವ ಗ್ರಾಮಕ್ಕೂ ಅಧಿಕಾರಿಗಳ ಎದುರಿನಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಬಹಳ ವ್ಯತ್ಯಾಸವುಂಟು.

ಆದಕಾರಣ ಗ್ರಾಮಪ್ರಮುಖರು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಮುಂಗಾರು ಆರಂಭವಾಗುವುದಕ್ಕೆ ಮುಂಚೆ ಕಡಮೆಪಕ್ಷ ಮಳೆಯ ಪುಸ್ತಕವನ್ನೂ ಬಾವಿಯ ಪುಸ್ತಕವನ್ನೂ ತೆರೆಯಬೇಕೆಂದೂ, ಭೂಮಾಲೀಕರು ತಮ್ಮ ಬಾವಿಗಳನ್ನು ಅಳತೆಗೆ ಬಿಟ್ಟುಕೊಟ್ಟು ಸಹಕರಿಸಬೇಕೆಂದೂ ಕೋರಲಾಗಿದೆ. ಹೊರಗಿನ ಸಹಾಯವು ಬಂದರೆ ಅದನ್ನು ಬರೆದ ಲೆಕ್ಕದೊಡನೆ ಸ್ವಾಗತಿಸಬಹುದು. ಬಾರದಿದ್ದರೆ ಆ ಲೆಕ್ಕವೇ ಮುಂದಿನ ಕೆಲಸಕ್ಕೆ ಬಂಡವಾಳವಾಗುವುದು.